ಒರೆಸಿದರೂ ಹೋಗದ ಮಂಜು: ಮರದ ಕಿಟಕಿಯ ಡಬಲ್ ಗ್ಲಾಸ್ ಕೆಟ್ಟಾಗ ಎಲ್ಲಿ ಹುಡುಕಬೇಕು

ಮೊದಲ ಸಲ ಆ ಮಂಜು ಕಂಡ ದಿನ ಗಾಜನ್ನು ಒಳಗಿನಿಂದ ಒರೆಸಿದೆ, ಹೊರಗಿನಿಂದ ಒರೆಸಿದೆ, ಹಳೆಯ ಪತ್ರಿಕೆಯನ್ನು ಉಂಡೆ ಮಾಡಿಕೊಂಡು ಉಜ್ಜಿದೆ. ಮಂಜು ಕದಲಲಿಲ್ಲ. ಅದು ಎರಡು ಗಾಜಿನ ನಡುವೆ ಕುಳಿತಿತ್ತು. ಬೆಂಗಳೂರಿನಲ್ಲಿ ಮುಖ್ಯರಸ್ತೆಗೆ ತೆರೆದುಕೊಂಡ ಮನೆ ನಮ್ಮದು. ಬಸ್ಸು, ಲಾರಿಗಳ ಸದ್ದು ತಾಳಲಾರದೆ ತೇಗದ ಕದಗಳಿಗೆ ಡಬಲ್ ಗ್ಲಾಸ್ ಹಾಕಿಸಿ ಅದು ಮೂರನೆಯ ಮಳೆಗಾಲ. ಕೂರಿಸಿದವರು ಗಾಜೇ ಕಳಪೆ ಎಂದರು. ಗಾಜು ಕೊಟ್ಟವರು ಕೂರಿಸಿದ್ದೇ ಸರಿಯಿಲ್ಲ ಎಂದರು. ಕೊನೆಗೆ ನಾನೇ ಕೆಳಗಿನ ಬೀಡಿಂಗ್, ಅಂದರೆ ಗಾಜನ್ನು ಕದದಲ್ಲಿ ಹಿಡಿದಿಡುವ ಮರದ ಪಟ್ಟಿ, ಕಿತ್ತು ನೋಡಿದೆ. ಗಾಜಿನ ಕೆಳಅಂಚು ಕಾಲು ಅಂಗುಲ ನೀರಿನಲ್ಲಿ ನಿಂತಿತ್ತು. ಒಂದು ಹನಿಯೂ ಒಳಗೆ ಹೋಗಬಾರದೆಂದು ಸುತ್ತಲೂ ಸಿಲಿಕೋನ್ ಬಳಿದಿದ್ದರು. ಹನಿ ಹೇಗೋ ಒಳಗೆ ಹೋಗಿತ್ತು. ಹೊರಗೆ ಬರಲು ಮಾತ್ರ ದಾರಿಯಿರಲಿಲ್ಲ.

ಆಮೇಲೆ ನೆಂಟರ, ನೆರೆಯವರ ಕಿಟಕಿಗಳನ್ನು ಬಿಚ್ಚಿ ನೋಡುವ ಚಟ ಹತ್ತಿತು. ಹೆಚ್ಚಿನ ಕಡೆ ಇದೇ ಕಥೆ. ಮರ ಉಬ್ಬುತ್ತದೆ, ಕುಗ್ಗುತ್ತದೆ, ಗಾಜು ಹಾಗಲ್ಲ. ಇವೆರಡರ ನಡುವಿನ ಅಂಟು ಒಂದಲ್ಲ ಒಂದು ಮಳೆಯಲ್ಲಿ ಕೂದಲೆಳೆಯಷ್ಟು ಬಿಟ್ಟೇ ಬಿಡುತ್ತದೆ. ಆದ್ದರಿಂದ ಮರದ ಕಿಟಕಿಯಲ್ಲಿ ನೀರು ಬರಲಾರದು ಎಂದು ನಂಬಿ ಮಾಡಿದ ಕೆಲಸ ಕೆಡುತ್ತದೆ, ಬಂದೇ ಬರುತ್ತದೆ ಎಂದು ತಿಳಿದು ದಾರಿ ಬಿಟ್ಟ ಕೆಲಸ ಬಾಳುತ್ತದೆ. ಕೆಳಗಿನ ಪರೀಕ್ಷೆಗಳಲ್ಲಿ ಹೆಚ್ಚಿನವು ಸುತ್ತಿ ಬಂದು ನಿಲ್ಲುವುದು ಈ ಜಾಗದಲ್ಲಿಯೇ.

ಶುರು ಮಾಡುವ ಮುನ್ನ

ಡಬಲ್ ಗ್ಲಾಸ್ ಎಂದರೆ ಅಂಚು ಮುಚ್ಚಿದ ಒಂದು ಚಪ್ಪಟೆ ಡಬ್ಬಿ. ಎರಡು ಗಾಜಿನ ನಡುವೆ ಸಾಮಾನ್ಯವಾಗಿ 12 ಮಿಲಿಮೀಟರ್ ಅಗಲದ ಟೊಳ್ಳು ಅಲ್ಯೂಮಿನಿಯಂ ಪಟ್ಟಿ ಇರುತ್ತದೆ. ಆ ಟೊಳ್ಳಿನೊಳಗೆ ತೇವ ಹೀರುವ ಸಣ್ಣ ಮಣಿಗಳು. ಪಟ್ಟಿಗೂ ಗಾಜಿಗೂ ನಡುವೆ ಬ್ಯುಟೈಲ್ ಎಂಬ ಕಪ್ಪು ಅಂಟಿನ ಎಳೆ, ಅದರ ಹೊರಗೆ ಪಾಲಿಸಲ್ಫೈಡ್ ಅಥವಾ ಸಿಲಿಕೋನಿನ ಎರಡನೆಯ ಅಂಟು. ನೀರಾವಿಯನ್ನು ತಡೆಯುವ ಕೆಲಸ ಬ್ಯುಟೈಲಿನದು; ಗಾಜುಗಳನ್ನು ಬಿಗಿಯಾಗಿ ಹಿಡಿದಿಡುವುದು ಹೊರಗಿನ ಅಂಟು. ಎಷ್ಟೇ ಒಳ್ಳೆಯ ಅಂಚಾದರೂ ಆವಿ ಚೂರುಚೂರು ನುಸುಳುತ್ತಲೇ ಇರುತ್ತದೆ. ಮಣಿಗಳು ಅದನ್ನು ವರ್ಷಗಟ್ಟಲೆ ಹೀರಿಕೊಂಡು ಗುಟ್ಟು ಕಾಯುತ್ತವೆ. ಅಂಚು ನೀರಿನಲ್ಲಿ ನೆನೆಯುತ್ತಿದ್ದರೆ ಮಣಿಗಳ ಹೊಟ್ಟೆ ಬೇಗ ತುಂಬುತ್ತದೆ.

ಬೇಕಾದ ಸಾಮಾನು ಮನೆಯಲ್ಲೇ ಇದೆ: ಮೊಬೈಲ್ ಟಾರ್ಚ್, ಅಳತೆ ಟೇಪು, ಚಪ್ಪಟೆ ಸ್ಕ್ರೂಡ್ರೈವರ್, ಅಗರಬತ್ತಿ, ರಸೀದಿಯಂಥ ತೆಳು ಕಾಗದ, ಸ್ಟೀಲ್ ಲೋಟ, ಒಂದಿಷ್ಟು ಐಸ್.

ಎಚ್ಚರಿಕೆಯ ಮಾತನ್ನು ಕೊನೆಗೆ ಇಡಬಾರದು, ಇಲ್ಲಿಯೇ ಹೇಳುತ್ತೇನೆ. ನಮ್ಮ ಕಡೆಯ ಕಿಟಕಿಗಳಿಗೆ ಒಳಗೆ ಕಬ್ಬಿಣದ ಗ್ರಿಲ್, ಕದ ತೆರೆಯುವುದು ಹೊರಕ್ಕೆ. ಕೀಲಿನಿಂದ ಕದ ಕಳಚಿದರೂ ಗ್ರಿಲ್ ಸಂದಿಯಿಂದ ಅದನ್ನು ಒಳಗೆ ತರಲಾಗದು. ನೆಲಮಹಡಿಯಾದರೆ ಹೊರಗೆ ನಿಂತು ಕೆಲಸ ಮಾಡಬಹುದು. ಮೇಲಿನ ಮಹಡಿಯಲ್ಲಿ ಸಜ್ಜಾದ ಮೇಲೆ ಕಾಲಿಟ್ಟು ಗಾಜು ಬಿಚ್ಚುವ ಸಾಹಸ ಬೇಡ. ಅಟ್ಟಣಿಗೆ ಕಟ್ಟಿ ಕೆಲಸ ಮಾಡುವವರನ್ನೇ ಕರೆಯಿರಿ. ಒಳಗಿನಿಂದ ಮಾಡಬಹುದಾದ ಪರೀಕ್ಷೆಗಳೇ ಸಾಕಷ್ಟಿವೆ. ಗಾಜಿನ ಹತ್ತಿರ ಹೋಗುವಾಗ ದಪ್ಪ ಕೈಗವಸು, ಕನ್ನಡಕ, ಮುಚ್ಚಿದ ಚಪ್ಪಲಿ ಇರಲಿ. ಹಳೆಯ ಮನೆಯ ಕಿಟಕಿಯ ಬಣ್ಣವನ್ನು ಒಣದಾಗಿ ಉಜ್ಜಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸಕ್ಕೆ ಕಟ್ಟುನಿಟ್ಟಿನ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪದರಗಳ ಧೂಳು ಮಕ್ಕಳಿರುವ ಮನೆಯಲ್ಲಿ ಹಾರಬಾರದು. ಒದ್ದೆ ಮಾಡಿ ಉಜ್ಜಿ, ಮಾಸ್ಕ್ ಹಾಕಿ.

ಗಾಜು ಮಸುಕಾಗಿದೆ: ಯಾವ ಮುಖ?

ಬೆರಳಿನಿಂದ ಒಂದು ಗೆರೆ ಎಳೆಯಿರಿ. ಒಳಗಿನಿಂದ ಎಳೆದಾಗ ಗೆರೆ ಮೂಡಿದರೆ ಅದು ಕೋಣೆಯ ತೇವ. ಡಿಸೆಂಬರಿನ ಬೆಳಗಿನಲ್ಲಿ ಬೆಂಗಳೂರಿನ ಅಡುಗೆಮನೆಯಲ್ಲಿ, ಜುಲೈ ತಿಂಗಳಲ್ಲಿ ಕೊಡಗಿನ ಮನೆಯೊಳಗೆ ಬಟ್ಟೆ ಒಣಗಿಸುವಾಗ ಇದು ಸಹಜ. ಗಾಜಿನ ಕೆಳಗಿನ ಅಂಚಿನಲ್ಲಿ ಮಾತ್ರ ಸಣ್ಣ ಪಟ್ಟಿಯಾಗಿ ಕಾಣಿಸಿಕೊಂಡರೂ ಹೆದರಬೇಕಿಲ್ಲ. ಅಲ್ಯೂಮಿನಿಯಂ ಪಟ್ಟಿ ಹೊರಗಿನ ತಂಪನ್ನು ಒಳಕ್ಕೆ ಸಾಗಿಸುವ ಜಾಗ ಅದು. ಗಾಳಿಯಾಡಲು ಬಿಡಿ. ಹನಿಗಳು ಇಳಿದು ಮರದ ಮೇಲೆ ನಿಲ್ಲದಂತೆ ಒರೆಸಿ.

ಹೊರಗಿನಿಂದ ಎಳೆದಾಗ ಗೆರೆ ಮೂಡಿದರೆ ಅದಂತೂ ದೋಷವೇ ಅಲ್ಲ. ಮಂಗಳೂರಿನ ಸೆಕೆಯಲ್ಲಿ ಒಳಗೆ ಎಸಿ ಓಡುತ್ತಿದ್ದರೆ ಹೊರಗಿನ ಗಾಜಿನ ಮೇಲೆ ಇಬ್ಬನಿ ಕೂರುವುದು, ಫ್ರಿಜ್‌ನಿಂದ ತೆಗೆದ ಬಾಟಲಿಯ ಹೊರಮೈ ಬೆವರಿದ ಹಾಗೆ.

ಎರಡೂ ಕಡೆ ಗೆರೆ ಮೂಡದಿದ್ದರೆ ಮುಂದಿನ ಭಾಗ ನಿಮಗಾಗಿಯೇ.

ಎರಡು ಗಾಜಿನ ನಡುವೆಯೇ ಮಂಜು

ಬೆಳಿಗ್ಗೆ ಕಂಡು ಬಿಸಿಲೇರಿದಂತೆ ಮಾಯವಾಗುತ್ತಿದ್ದರೆ ಮಣಿಗಳು ಈಗಷ್ಟೇ ಸೋತಿವೆ. ಮಧ್ಯಾಹ್ನವೂ ಬಿಳಿಯ ಕಲೆ, ಸುಣ್ಣದಂಥ ಗೆರೆ ಉಳಿದಿದ್ದರೆ ನೀರು ಒಳಗೆ ಹಲವು ಸಲ ಹನಿಗಟ್ಟಿ ಆರಿದೆ ಎಂದರ್ಥ. ಶಾಖ ತಡೆಯುವ ಲೇಪನವಿರುವ ಗಾಜಾದರೆ ಆ ಲೇಪನವೂ ಚುಕ್ಕಿಚುಕ್ಕಿಯಾಗಿ ಕೆಡಲು ಶುರುವಾಗುತ್ತದೆ.

ಮಂಜು ಇನ್ನೂ ಕಾಣದಿದ್ದರೂ ಅನುಮಾನವಿದೆಯೇ? ಗಾಜು ನೆರಳಿನಲ್ಲಿರುವ ಹೊತ್ತಿನಲ್ಲಿ ಸ್ಟೀಲ್ ಲೋಟಕ್ಕೆ ಐಸ್ ಮತ್ತು ಸ್ವಲ್ಪ ನೀರು ಹಾಕಿ ಅದರ ಬದಿಯನ್ನು ಒಳಗಾಜಿಗೆ ಹತ್ತು ನಿಮಿಷ ಒತ್ತಿ ಹಿಡಿಯಿರಿ. ತೆಗೆದು ಕೋಣೆಯ ಬದಿಯನ್ನು ಒಣಬಟ್ಟೆಯಿಂದ ಒರೆಸಿ ಟಾರ್ಚ್ ಬಿಟ್ಟು ನೋಡಿ. ಒರೆಸಿದರೂ ಹೋಗದ ಮಸುಕು ಉಳಿದರೆ ಒಳಗಿನ ಗಾಳಿ ಒಣಗಿಲ್ಲ. ಬಿಸಿಲು ಬಿದ್ದ ಗಾಜಿನ ಮೇಲೆ ಈ ಪರೀಕ್ಷೆ ಮಾಡಬೇಡಿ, ಗಾಜು ಸೀಳಬಹುದು.

ಇನ್ನು ತಪ್ಪು ಯಾರದು ಎಂಬ ಪ್ರಶ್ನೆ. ಇದಕ್ಕೆ ಖರ್ಚಿಲ್ಲದ ಉತ್ತರವೊಂದಿದೆ: ಮನೆಯ ಎಲ್ಲ ಕಿಟಕಿಗಳನ್ನು ಸುತ್ತಿ ನೋಡಿ. ಮಳೆ ಹೊಡೆಯುವ ಬದಿಯವು ಮಾತ್ರ ಕೆಟ್ಟಿವೆಯೇ? ಕರಾವಳಿ, ಮಲೆನಾಡಿನಲ್ಲಿ ಅದು ಪಶ್ಚಿಮ, ನೈಋತ್ಯದ ಬದಿ. ಹಾಗಿದ್ದರೆ ಕೂರಿಸಿದ ಕ್ರಮದಲ್ಲಿ ತಪ್ಪಿದೆ. ಮಳೆ ತಾಗದ, ಜಗಲಿಯ ಒಳಗಿನ ಕಿಟಕಿಗಳೂ ಅದೇ ವೇಳೆಗೆ ಮಂಜಾಗಿದ್ದರೆ ಗಾಜಿನ ತಯಾರಿಕೆಯನ್ನೇ ಅನುಮಾನಿಸಬೇಕು. ಅಲ್ಯೂಮಿನಿಯಂ ಪಟ್ಟಿಯ ಒಳಮೈಗೆ ಟಾರ್ಚ್ ಬಿಟ್ಟು ನೋಡಿ. ತಯಾರಕರ ಹೆಸರು, ದಿನಾಂಕ ಅಚ್ಚಾಗಿರಬಹುದು. ಅದರ ಫೋಟೊ ತೆಗೆದಿಡಿ. ವಾರಂಟಿಯ ವಾದದಲ್ಲಿ ರಸೀದಿಯ ಜೊತೆಗೆ ಗಟ್ಟಿ ಸಾಕ್ಷಿ ಅದು.

ಮುಂದಿನದು ಕೆಳಗಿನ ಬೀಡಿಂಗ್ ತೆಗೆದು ನೋಡುವ ಕೆಲಸ. ಕೈಗೆ ನೆಲದಿಂದ ಎಟಕುವ ಕಿಟಕಿಯಾದರೆ ಮಾತ್ರ ಮಾಡಿ, ಜೊತೆಗೆ ಒಬ್ಬರು ಗಾಜು ಹಿಡಿದು ನಿಲ್ಲಲಿ. ಬ್ಲೇಡಿನಿಂದ ಸಿಲಿಕೋನ್ ಗೀರಿ ಬಿಡಿಸಿ, ಪಟ್ಟಿಯ ನಡುವಿನಿಂದ ಎಬ್ಬಿಸಿ ಬಾಗಿಸಿದರೆ ತುದಿಗಳು ತಾವೇ ಬಿಡುತ್ತವೆ. ಕೆಳಗಿನದನ್ನು ಮಾತ್ರ ತೆಗೆಯಿರಿ. ನಾಲ್ಕೂ ಬದಿ ತೆಗೆದರೆ ಗಾಜು ನಿಮ್ಮ ಮೈಮೇಲೆ ಬರುತ್ತದೆ. ಒಳಗೆ ಏನು ಕಂಡರೆ ಏನರ್ಥ ಎಂಬುದು ಹೀಗೆ.

ನೀರು ನಿಂತಿದ್ದರೆ, ಕಪ್ಪು ಲೋಳೆಯಿದ್ದರೆ, ಹೊರದಾರಿ ಇಲ್ಲ. ಗಾಜು ನೇರವಾಗಿ ಮರದ ಮೇಲೆಯೇ ಕುಳಿತಿದ್ದರೆ, ಅಥವಾ ಅಡಿಯಲ್ಲಿ ಪ್ಲೈವುಡ್ ಚೂರು ಕೊಟ್ಟಿದ್ದರೆ, ತೇವ ಅಂಚಿಗೆ ಸದಾ ತಾಗಿಯೇ ಇತ್ತು. ಪ್ಲೈವುಡ್ ಸ್ಪಂಜಿನಂತೆ ನೀರು ಹೀರಿ ಹಿಡಿದಿಡುತ್ತದೆ. ಬ್ಯುಟೈಲ್ ಕರಗಿ ಕಪ್ಪು ಎಳೆಗಳಾಗಿ ಜೋತಿದ್ದರೆ ಯಾವುದೋ ರಾಸಾಯನಿಕ ಅದನ್ನು ತಿಂದಿದೆ. ಇಲ್ಲಿ ಎರಡು ಅಪರಾಧಿಗಳು. ಒಂದು, ಅಗಸೆ ಎಣ್ಣೆ ಕಲಸಿದ ಹಳೆಯ ಪುಟ್ಟಿ. ಒಂಟಿ ಗಾಜಿಗೆ ತಲೆಮಾರುಗಳಿಂದ ಒದಗಿ ಬಂದದ್ದು. ಡಬಲ್ ಗ್ಲಾಸಿನ ಅಂಚಿಗೆ ಅದರ ಎಣ್ಣೆಯೇ ವಿಷ. ಇನ್ನೊಂದು, ಹಚ್ಚುವಾಗ ವಿನೆಗರಿನ ಹುಳಿ ವಾಸನೆ ಬರುವ ಅಗ್ಗದ ಸಿಲಿಕೋನ್. ಬಚ್ಚಲುಮನೆಯ ಸಂದಿಗೆ ಅದು ಸಾಕು, ಇಲ್ಲಿ ಬೇಡ. ಅಂಚಿನ ಕಪ್ಪು ಅಂಟು ಬೀಡಿಂಗಿನ ಮೇಲಕ್ಕೆ ಇಣುಕಿ ಬಿಸಿಲಿಗೆ ತೆರೆದಿದ್ದರೂ ಆಯಸ್ಸು ಕಡಿಮೆಯೇ. ಪಾಲಿಸಲ್ಫೈಡಿಗೆ ಬಿಸಿಲು ಆಗಿಬರುವುದಿಲ್ಲ.

ಮಂಜಾದ ಗಾಜನ್ನು ರಿಪೇರಿ ಮಾಡಲಾಗುವುದಿಲ್ಲ. ತೂತು ಕೊರೆದು ಒಣಗಿಸಿ ಮತ್ತೆ ಮುಚ್ಚಿಕೊಡುತ್ತೇವೆ ಎನ್ನುವವರಿದ್ದಾರೆ. ಮಂಜು ಹೋಗಬಹುದು, ಆದರೆ ಬಿಟ್ಟುಹೋದ ಅಂಚು ಬಿಟ್ಟೇ ಇರುತ್ತದೆ. ಸಮಾಧಾನದ ಸಂಗತಿಯೆಂದರೆ ಕಿಟಕಿಯನ್ನು ಬದಲಿಸಬೇಕಿಲ್ಲ. ಮರ ಗಟ್ಟಿಯಿದ್ದರೆ ಗಾಜಿನ ಜೋಡಿಯನ್ನು ಮಾತ್ರ ಹೊಸದು ಮಾಡಿಸಿದರೆ ಸಾಕು. ಆದರೆ ಹಳೆಯ ತಪ್ಪಿನ ಮೇಲೆ ಹೊಸ ಗಾಜು ಕೂರಿಸಿದರೆ ಮೂರು ಮಳೆಗಾಲ ಕಳೆದು ಇದೇ ಪುಟಕ್ಕೆ ಮರಳುತ್ತೀರಿ.

ಕೆಳಪಟ್ಟಿ ಕಪ್ಪಾಗಿದೆ, ಪಾಲಿಶ್ ಏಳುತ್ತಿದೆ

ಸ್ಕ್ರೂಡ್ರೈವರಿನ ತುದಿಯಿಂದ ಕದದ ಕೆಳಮೂಲೆಗಳನ್ನು ಒತ್ತಿ. ಗಟ್ಟಿಯಾಗಿ ತಡೆದರೆ ಮೇಲ್ಮೈಯ ಕಲೆ. ಬೆಣ್ಣೆಗೆ ಇಳಿದಂತೆ ಇಳಿದರೆ ಕೊಳೆತಿದೆ. ತಟ್ಟಿದಾಗ ಟೊಳ್ಳು ಸದ್ದು ಬಂದು ಮಣ್ಣಿನ ಗೆರೆ ಕಂಡರೆ ಗೆದ್ದಲು. ಅದು ಕಿಟಕಿಯೊಂದರ ವಿಷಯವಾಗಿ ಉಳಿಯುವುದಿಲ್ಲ, ಮನೆಯ ಚಿಕಿತ್ಸೆ ಮೊದಲಾಗಬೇಕು.

ಕೊಳೆಯುವುದು ಯಾಕೆ ಕೆಳಗೇ? ಮೊಬೈಲಿನ ಮುಂದಿನ ಕ್ಯಾಮೆರಾ ತೆರೆದು ಕದದ ಅಡಿಗೆ ಹಿಡಿದು ಒಂದು ಫೋಟೊ ತೆಗೆಯಿರಿ. ನಾನು ನೋಡಿದ ಬಹುತೇಕ ಕದಗಳಲ್ಲಿ ಆ ಅಡಿಮೈಗೆ ಒಂದು ಹನಿ ಬಣ್ಣವೂ ಬಿದ್ದಿರಲಿಲ್ಲ. ಬೀಡಿಂಗಿನ ಹಿಂಬದಿ, ಗಾಜು ಕೂರುವ ಮೆಟ್ಟಿಲಿನ ಒಳಮೈ, ಇವೂ ಹಸಿ ಮರವೇ. ಗಾಜು ಕೂರಿಸಿದ ಮೇಲೆ ಪಾಲಿಶ್ ಹುಡುಗರು ಬರುತ್ತಾರೆ, ಕಾಣುವ ಕಡೆಗೆಲ್ಲ ಕನ್ನಡಿಯಂತೆ ಹೊಳಪು ಕೊಡುತ್ತಾರೆ, ನೀರು ಕುಡಿಯುವ ಕಡೆಯನ್ನು ಬಿಡುತ್ತಾರೆ. ತೇಗವಾದರೆ ತಡೆದುಕೊಂಡೀತು. ಈಚೆಗೆ ತೇಗದ ಬಣ್ಣ ಬಳಿದು ಬರುವ ಹೊರದೇಶದ ಕೆಂಪು ಮರಗಳೆಲ್ಲ ಹಾಗೆ ತಡೆಯುತ್ತವೆ ಎಂದು ನಂಬಿ ಕೂರಬೇಡಿ.

ಮೆದುವಾದ ಜಾಗ ಬೆರಳಗಲದಷ್ಟಿದ್ದರೆ ಕೆರೆದು, ಪೂರ್ತಿ ಒಣಗಿಸಿ, ಎಪಾಕ್ಸಿಯಿಂದ ತುಂಬಬಹುದು. ಮೂಲೆಯ ಕೂಡು ಸಡಿಲವಾಗಿದ್ದರೆ, ಕದದ ಕೆಳಪಟ್ಟಿಯ ಅಗಲದ ಕಾಲುಭಾಗಕ್ಕಿಂತ ಹೆಚ್ಚು ಮೆತ್ತಗಾಗಿದ್ದರೆ, ಅಲ್ಲಿಗೆ ನಿಲ್ಲಿಸಿ ಬಡಗಿಯನ್ನು ಕರೆಯಿರಿ. ಭಾರದ ಗಾಜು ಆ ಕೂಡಿನ ಮೇಲೆ ನಿಂತಿದೆ ಎಂಬುದನ್ನು ಮರೆಯಬೇಡಿ.

ಮಳೆ ಬಂದರೆ ಒಳಗೆ ನೀರು

ನೀರು ಕಂಡ ಜಾಗವೇ ನೀರು ಬಂದ ಜಾಗವಲ್ಲ. ಒಣ ದಿನ ನೋಡಿ ಒಂದು ಮಗ್ ನೀರು ಹಿಡಿದು ಕೆಳಗಿನಿಂದ ಮೇಲಕ್ಕೆ ಪರೀಕ್ಷಿಸಿ. ಮೊದಲು ಚೌಕಟ್ಟು ಗೋಡೆಗೆ ಸೇರುವ ಕೆಳಸಂದಿಗೆ ಸುರಿದು ಐದು ನಿಮಿಷ ಕಾಯಿರಿ. ಆಮೇಲೆ ಕದಕ್ಕೂ ಚೌಕಟ್ಟಿಗೂ ನಡುವಿನ ಸಂದಿ. ಕೊನೆಗೆ ಗಾಜಿನ ಅಂಚು. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ನೆನೆದು ಏನೂ ತಿಳಿಯುವುದಿಲ್ಲ.

ಕಿಟಕಿಯ ಕೆಳಗೆ ಗೋಡೆ ಮಾತ್ರ ಒದ್ದೆಯಾಗಿ ಮರ ಒಣಗಿದ್ದರೆ ಗಾಜಿನದು ತಪ್ಪಲ್ಲ. ಗಾರೆ ಬಿರಿದಿದೆ, ಅಥವಾ ಕಿಟಕಿಯಡಿಯ ಕಲ್ಲು ಒಳಕ್ಕೆ ವಾಲಿದೆ. ಗೋಲಿಯೊಂದನ್ನು ಆ ಕಲ್ಲಿನ ಮೇಲಿಟ್ಟರೆ ಯಾವ ಕಡೆಗೆ ಉರುಳುತ್ತದೆ ಎಂಬುದೇ ತೀರ್ಪು. ಎರಡು ಕದ ಸೇರುವ ನಡುಗೆರೆಯಲ್ಲಿ ನೀರು ಬಂದರೆ ಕದಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿಲ್ಲ. ಇದಕ್ಕೆ ಮುಂದಿನ ಭಾಗ ನೋಡಿ. ಗಾಜಿನ ಅಂಚಿನಿಂದಲೇ ಬಂದರೆ ಕೂಡಲೇ ಸಿಲಿಕೋನ್ ಟ್ಯೂಬ್ ಹಿಡಿಯುವ ಆಸೆಯಾಗುತ್ತದೆ. ತಡೆಯಿರಿ. ಹಳೆಯ ಸಿಲಿಕೋನಿನ ಮೇಲೆ ಹೊಸದು ಅಂಟುವುದಿಲ್ಲ. ಅಲ್ಲದೆ ಕೆಳಗಿನ ಸಂದಿಯನ್ನು ಹೊರಗಿನಿಂದ ಮುಚ್ಚಿದರೆ ಮೇಲಿನಿಂದ ಇಳಿದ ನೀರು ಗಾಜಿನ ಕಾಲಬಳಿಯೇ ಸೆರೆಯಾಗುತ್ತದೆ. ಸೋರಿಕೆ ನಿಂತಂತೆ ಕಾಣುತ್ತದೆ, ಮಂಜಿಗೆ ಮುಹೂರ್ತ ಇಟ್ಟಂತಾಗುತ್ತದೆ.

ಕದ ಉಜ್ಜುತ್ತದೆ, ಚಿಲಕ ಕೂರುವುದಿಲ್ಲ

ಮಳೆಗಾಲದಲ್ಲಿ ಮಾತ್ರ, ಉದ್ದಕ್ಕೂ ಒಂದೇ ಸಮನೆ ಉಜ್ಜುತ್ತಿದ್ದರೆ ಮರ ಉಬ್ಬಿದೆ. ಜುಲೈಯಲ್ಲಿ ಹೆರೆದುಬಿಟ್ಟರೆ ಮಾರ್ಚಿನಲ್ಲಿ ಸಂದಿಯೊಳಗಿಂದ ಧೂಳು ಬರುತ್ತದೆ. ಬೇಸಗೆಯವರೆಗೆ ಕಾದು, ಬಣ್ಣ ಕಾಣದ ಅಂಚುಗಳಿಗೆ ಬಣ್ಣ ಕೊಡಿ; ಹೆಚ್ಚಿನ ಸಲ ಅಷ್ಟೇ ಸಾಕಾಗುತ್ತದೆ.

ವರ್ಷವಿಡೀ, ಚಿಲಕದ ಬದಿಯ ಕೆಳಮೂಲೆಯಲ್ಲಿ ಮಾತ್ರ ಉಜ್ಜುತ್ತಿದ್ದು ಅದೇ ಬದಿಯ ಮೇಲೆ ಸಂದಿ ಬಿಟ್ಟಿದ್ದರೆ ಕದ ಜೋತಿದೆ. ಟೇಪಿನಿಂದ ಎರಡೂ ಕರ್ಣಗಳನ್ನು ಅಳೆಯಿರಿ. ಸಮವಾಗಿದ್ದರೆ ಕದ ಚೌಕವಾಗಿಯೇ ಇದೆ, ಕೀಲು ಸಡಿಲವಾಗಿದೆ. ಅಳತೆ ಬೇರೆಯಾದರೆ ಕದವೇ ವಾಲಿದೆ.

ತೂಕದ ಲೆಕ್ಕ ಯಾರೂ ಮಾಡಿರುವುದಿಲ್ಲ. ಒಂದು ಚದರ ಮೀಟರ್ ಗಾಜು, ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೊ ತೂಗುತ್ತದೆ. 60 ಸೆಂಟಿಮೀಟರ್ ಅಗಲ, 120 ಸೆಂಟಿಮೀಟರ್ ಎತ್ತರದ ಗಾಜು ಮೊದಲು 4 ಮಿಲಿಮೀಟರಿನದಾಗಿದ್ದರೆ ಏಳು ಕಿಲೊ ಚಿಲ್ಲರೆ. ಐದು ಮಿಲಿಮೀಟರಿನ ಎರಡು ಗಾಜು ಹಾಕಿದಾಗ 18 ಕಿಲೊ. ಹಳೆಯ ಎರಡು ಕೀಲು, ಗಿಡ್ಡ ಸ್ಕ್ರೂಗಳೇ ಇದನ್ನೂ ಹೊರಬೇಕೆಂದರೆ ಹೇಗೆ? ಕೀಲಿನ ಸ್ಕ್ರೂ ತಿರುಗಿಸಿ ನೋಡಿ. ಸುಮ್ಮನೆ ಸುತ್ತುತ್ತಿದ್ದರೆ ತೂತಿಗೆ ಮರದ ಗೂಟ ಅಂಟಿಸಿ ಉದ್ದದ ಸ್ಕ್ರೂ ಹಾಕಿಸಿ, ಮೂರನೆಯ ಕೀಲು ಸೇರಿಸಿ.

ಕದವೇ ವಾಲಿದ್ದರೆ, ಗಾಜು ಮರಕ್ಕೆ ತಾಗದಂತೆ ಅದರ ಭಾರ ಹೊರಲು ಇಡುವ ಪ್ಲಾಸ್ಟಿಕ್ ತುಂಡುಗಳು ಜಾಗ ತಪ್ಪಿವೆ. ಪಕ್ಕಕ್ಕೆ ತೆರೆಯುವ ಕದದಲ್ಲಿ ಗಾಜಿನ ಭಾರ ಕೀಲಿನ ಬದಿಯ ಕೆಳಮೂಲೆಯ ತುಂಡಿನ ಮೇಲೆ ಕೂರಬೇಕು. ಅದರ ಕರ್ಣದ ಎದುರು, ಚಿಲಕದ ಬದಿಯ ಮೇಲ್ಮೂಲೆಯಲ್ಲಿ ಇನ್ನೊಂದು ತುಂಡು ಬಿಗಿಯಾಗಿ ಇರಬೇಕು. ಆಗ ಗಾಜು ಹೊರೆಯಾಗುವ ಬದಲು ಗೇಟಿನ ಓರೆಪಟ್ಟಿಯಂತೆ ಕದವನ್ನೇ ಎತ್ತಿ ಹಿಡಿಯುತ್ತದೆ. ಇದನ್ನು ಬಲ್ಲ ಬಡಗಿ ಸಿಕ್ಕರೆ ಅವರ ನಂಬರ್ ಬರೆದಿಟ್ಟುಕೊಳ್ಳಿ.

ಇನ್ನೊಂದು ಮಾತು. ಐದು ಮಿಲಿಮೀಟರಿನ ಎರಡು ಗಾಜು, ನಡುವೆ 12 ಮಿಲಿಮೀಟರ್ ಸಂದಿ, ಒಟ್ಟು 22 ಮಿಲಿಮೀಟರ್. ಹಳೆಯ ಮನೆಗಳ ತೆಳುವಾದ ಕದದಲ್ಲಿ ಇದಕ್ಕೆ ಜಾಗ ಮಾಡಲು ಉಳಿ ಹಿಡಿದು ಮೆಟ್ಟಿಲನ್ನು ಆಳ ಮಾಡುತ್ತಾರೆ. ಹಾಗೆ ಕೆತ್ತುವಾಗ ಮೂಲೆಯ ಕೂಡೇ ಸವೆದು ಹೋದರೆ ಆ ಕದ ಉಳಿಯುವುದಿಲ್ಲ. ಮೂಲೆಯಲ್ಲಿ ಕೂಡಿನ ನಾಲಿಗೆ, ಅಂದರೆ ಒಂದು ಪಟ್ಟಿಯಿಂದ ಇನ್ನೊಂದರೊಳಗೆ ತೂರಿದ ಮರದ ತುದಿ, ಬರಿಗಣ್ಣಿಗೆ ಕಾಣುತ್ತಿದ್ದರೆ ರಿಪೇರಿಗೆ ದುಡ್ಡು ಸುರಿಯಬೇಡಿ, ದಪ್ಪದ ಹೊಸ ಕದ ಮಾಡಿಸಿ.

ಇಷ್ಟು ಖರ್ಚು ಮಾಡಿದರೂ ಸದ್ದು ನಿಂತಿಲ್ಲ

ಮೊದಲು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಅಗರಬತ್ತಿ ಹಚ್ಚಿ ಕದದ ಅಂಚಿನುದ್ದಕ್ಕೂ ನಿಧಾನವಾಗಿ ಸಾಗಿಸಿ. ಪರದೆಗಳನ್ನು ಮೊದಲೇ ಸರಿಸಿರಬೇಕು. ಹೊಗೆ ಅಲುಗಿದಲ್ಲಿ ಸದ್ದೂ ಬರುತ್ತಿದೆ. ಆ ಜಾಗದಲ್ಲಿ ಕಾಗದದ ಚೂರನ್ನು ಇಟ್ಟು ಕದ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಪಟ್ಟಿ ಇಲ್ಲ, ಇದ್ದರೂ ಒತ್ತುತ್ತಿಲ್ಲ. ಪಟ್ಟಿ ಅಂಟಿಸಲು ಆಗುವ ಖರ್ಚು ಗಾಜಿನ ಬೆಲೆಯ ಮುಂದೆ ಏನೂ ಅಲ್ಲ. ಪರಿಣಾಮ ಮಾತ್ರ ಅದಕ್ಕಿಂತ ದೊಡ್ಡದು.

ಹೊಗೆ ಎಲ್ಲೂ ಅಲುಗದೆಯೂ ಲಾರಿ, ಬಸ್ಸಿನ ಗುಂಯ್ ಎಂಬ ಸದ್ದು ಉಳಿದಿದ್ದರೆ ಗಾಜಿನ ಆಯ್ಕೆಯೇ ತಪ್ಪಿದೆ. ಎರಡೂ ಕಡೆ ಆರು ಮಿಲಿಮೀಟರಿನ ಒಂದೇ ದಪ್ಪದ ಗಾಜು, ನಡುವೆ 12 ಮಿಲಿಮೀಟರ್ ಸಂದಿ ಇರುವ ಜೋಡಿ ಸುಮಾರು 200 ಹರ್ಟ್ಜ್ ಆಸುಪಾಸಿನ ಸದ್ದಿಗೆ ತಾನೇ ಮೃದಂಗದ ಎರಡು ಮುಖಗಳಂತೆ ಮಿಡಿಯುತ್ತದೆ. ಎಂಜಿನ್ನಿನ ಗೊಣಗಾಟದಲ್ಲಿ ಆ ಸ್ವರ ಧಾರಾಳವಾಗಿದೆ. ಮುಂದಿನ ಸಲ ಎರಡು ಗಾಜುಗಳ ದಪ್ಪ ಬೇರೆಬೇರೆ ಇರಲಿ, ಒಂದು ಲ್ಯಾಮಿನೇಟೆಡ್, ಅಂದರೆ ನಡುವೆ ಪ್ಲಾಸ್ಟಿಕ್ ಪದರವಿಟ್ಟು ಬೆಸೆದ ಗಾಜು ಆಗಿರಲಿ. ಬೀಡಿಂಗ್ ಕೀಳುವ ಮೊದಲು ಇದನ್ನು ಯೋಚಿಸಿ. ಗಾಜು ಬದಲಿಸುವ ನೆಪ ಮತ್ತೆ ಮತ್ತೆ ಸಿಗುವುದಿಲ್ಲ.

ಪ್ರತಿಬಿಂಬ ವಕ್ರವಾಗಿದೆ, ಗಾಜು ಉಬ್ಬಿದಂತಿದೆ

ಹೊರಗಿನಿಂದ ನೋಡಿದಾಗ ಎದುರಿನ ತೆಂಗಿನಮರ ಗಾಜಿನಲ್ಲಿ ಡೊಂಕಾಗಿ ಕಂಡರೆ ಹವೆಯ ಒತ್ತಡದ ಆಟ. ಈ ಡಬ್ಬಿಯನ್ನು ಮುಚ್ಚಿದ ಊರಿನ ಗಾಳಿ ಅದರೊಳಗೆ ಸೆರೆಯಾಗಿರುತ್ತದೆ. ಸಮುದ್ರಮಟ್ಟದ ಚೆನ್ನೈಯಲ್ಲಿ ಮುಚ್ಚಿದ ಗಾಜು ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಬಂದಾಗ ಹೊರಗಿನ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗಿರುತ್ತದೆ. ಗಾಜು ಉಬ್ಬದೆ ಹಟ ಹಿಡಿದರೆ ಪ್ರತಿ ಚದರ ಮೀಟರಿಗೆ ಹತ್ತಿರಹತ್ತಿರ ಒಂದು ಟನ್ ಭಾರದಷ್ಟು ಒಳಗಿನಿಂದ ನೂಕು. ದೊಡ್ಡ ಗಾಜು ಬಾಗಿ ತಪ್ಪಿಸಿಕೊಳ್ಳುತ್ತದೆ. ಬಚ್ಚಲುಮನೆಯ ಕಿರಿದಾದ ಗಾಜು ಬಾಗಲಾರದೆ ಅಂಚಿನ ಅಂಟನ್ನೇ ಎಳೆಯುತ್ತದೆ. ಮಡಿಕೇರಿ, ಊಟಿಯಂಥ ಕಡೆ ಈ ಕಾಟ ಇನ್ನೂ ಹೆಚ್ಚು. ಆರ್ಡರ್ ಕೊಡುವಾಗಲೇ ಊರಿನ ಎತ್ತರ ಹೇಳಿ. ಒತ್ತಡ ಸರಿದೂಗಿಸುವ ಸಣ್ಣ ನಳಿಕೆ ಇಟ್ಟು ಮಾಡಿಕೊಡುವ ಕ್ರಮ ತಯಾರಕರಲ್ಲಿ ಇದೆ. ಕೂರಿಸಿದ ಮೇಲೆ ನೀವು ತೂತು ಕೊರೆಯಲು ಹೋಗಬೇಡಿ.

ಇದಕ್ಕೆ ತಿರುಗಾಮುರುಗಾ, ಗಾಜುಗಳು ನಡುವೆ ಒಳಕ್ಕೆ ಬಾಗಿ ಎಣ್ಣೆ ಬಿದ್ದ ನೀರಿನಂತೆ ಬಣ್ಣದ ಉಂಗುರಗಳು ಕಂಡರೆ ಎರಡೂ ಗಾಜು ತಾಗುವಷ್ಟು ಹತ್ತಿರ ಬಂದಿವೆ. ಇದು ಬದಲಿಸಲೇಬೇಕಾದ ಗಾಜು. ತಂಪು ಕನ್ನಡಕ ಹಾಕಿದಾಗ ಮಾತ್ರ ಕಾಣುವ ಚಿರತೆಯ ಚುಕ್ಕೆಗಳಾದರೆ ನಿಶ್ಚಿಂತೆಯಿಂದಿರಿ. ಟಫನ್ಡ್ ಗಾಜಿನ, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ ಗಾಜಿನ, ಸ್ವಭಾವ ಅದು.

ಬಿರುಕು ಬಿಟ್ಟಿದೆ

ಬಿರುಕು ಅಂಚಿಗೆ ನೇರ ಲಂಬವಾಗಿ ಹೊರಟು ಆಮೇಲೆ ಅಂಕುಡೊಂಕಾದರೆ ಶಾಖದ ಬಿರುಕು. ಅರ್ಧ ಗಾಜಿಗೆ ಬಿಸಿಲು ಅರ್ಧಕ್ಕೆ ನೆರಳು, ಗಾಜಿಗೆ ಒತ್ತಿಕೊಂಡ ದಪ್ಪ ಪರದೆ, ಆಮೇಲೆ ಅಂಟಿಸಿದ ಕಪ್ಪು ಫಿಲ್ಮ್, ಇವು ಕಾರಣ. ಡಬಲ್ ಗ್ಲಾಸಿಗೆ ಫಿಲ್ಮ್ ಅಂಟಿಸುವ ಮುನ್ನ ಗಾಜು ಕೊಟ್ಟವರನ್ನು ಕೇಳಿ. ಮೂಲೆಯಲ್ಲಿ ಅಥವಾ ಬೀಡಿಂಗಿನ ಮೊಳೆಯ ಎದುರಿನಲ್ಲಿಯೇ ಹುಟ್ಟಿದ್ದರೆ ಮೊಳೆ ಗಾಜಿಗೆ ತಾಗಿದೆ, ಇಲ್ಲವೇ ಗಾಜನ್ನು ಬಿಗಿಯಾಗಿ ತುರುಕಿದ್ದಾರೆ. ನಕ್ಷತ್ರದಂತೆ ಹರಡಿದ್ದರೆ ಪಕ್ಕದ ಮೈದಾನದ ಹುಡುಗರನ್ನು ವಿಚಾರಿಸಿ.

ಯಾವುದೇ ಬಿರುಕಾದರೂ ಗಾಜಿನ ಮೇಲೆ ಅಗಲದ ಟೇಪ್ ಅಡ್ಡಡ್ಡ ಅಂಟಿಸಿ, ಕದ ತೆರೆಯದಂತೆ ಚಿಲಕ ಹಾಕಿ, ಕೆಳಗೆ ಜನ ಓಡಾಡದಂತೆ ನೋಡಿಕೊಳ್ಳಿ. ಇಲ್ಲಿಂದ ಮುಂದೆ ಗಾಜಿನ ಕೆಲಸದವರದು. ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ, ಅಂಚು ಉಜ್ಜಲೂ ಬರುವುದಿಲ್ಲ. ಅಳತೆ ತಪ್ಪಿದರೆ ಹೊಸದೇ ಗತಿ. ನೆಲದ ಹತ್ತಿರದ, ಮಕ್ಕಳು ಒರಗುವ ಕಿಟಕಿಗೆ ಐಎಸ್ 2553 ಎಂಬ ಭಾರತೀಯ ಮಾನಕದ ಗುರುತಿರುವ ಸುರಕ್ಷಾ ಗಾಜನ್ನೇ ಕೇಳಿ.

ಮತ್ತೆ ಕೂರಿಸುವಾಗ ಪಕ್ಕದಲ್ಲಿ ನಿಂತು ನೋಡಬೇಕಾದ್ದು

ಗಾಜಿನ ಅಳತೆ ಮೆಟ್ಟಿಲಿನ ಅಳತೆಗಿಂತ ಪ್ರತಿ ಬದಿಗೂ 5 ಮಿಲಿಮೀಟರ್ ಕಡಿಮೆಯಿರಲಿ. ಬಿಗಿಯಾಗಿ ಕೂತಿದೆ ಎಂದು ಕೆಲಸದವರು ಹೆಮ್ಮೆಪಟ್ಟರೆ ಗಾಬರಿಯಾಗಬೇಕಾದ್ದು ನೀವು. ಮೆಟ್ಟಿಲಿನ ಒಳಮೈ, ಬೀಡಿಂಗಿನ ನಾಲ್ಕೂ ಮುಖ, ಕೊಯ್ದ ತುದಿಗಳು, ಎಲ್ಲಕ್ಕೂ ಗಾಜು ಕೂರಿಸುವ ಮೊದಲೇ ಪ್ರೈಮರ್ ಬಿದ್ದು ಒಣಗಿರಬೇಕು. ತೇಗದ ಮೈಯಲ್ಲಿ ಎಣ್ಣೆಯಿದೆ. ಪ್ರೈಮರಿಗೆ ಮುನ್ನ ಥಿನ್ನರ್ ಬಟ್ಟೆಯಿಂದ ಒರೆಸದಿದ್ದರೆ ಮುಂದೆ ಟೇಪು, ಸಿಲಿಕೋನ್ ಎರಡೂ ಸಿಪ್ಪೆಯಂತೆ ಏಳುತ್ತವೆ. ಒರೆಸುವಾಗ ಕಿಟಕಿ ತೆರೆದಿರಲಿ, ಹತ್ತಿರ ಬೀಡಿ, ಬೆಂಕಿ ಬೇಡ.

ಕೆಳಗಿನ ಮೆಟ್ಟಿಲನ್ನು ಹೊರಕ್ಕೆ ಇಳಿಜಾರು ಮಾಡಿಸಿ. ಅಲ್ಲಿಂದ ಹೊರಬದಿಗೆ ಕನಿಷ್ಠ 8 ಮಿಲಿಮೀಟರಿನ ಮೂರು ತೂತು ಕೊರೆಸಿ, ಅವುಗಳ ಒಳಮೈಗೂ ಬಣ್ಣ ಹೋಗಲಿ. ಇದಕ್ಕಿಂತ ಸಣ್ಣ ತೂತಾದರೆ ನೀರಿನ ಹನಿಯೇ ಬಾಯಿಗೆ ಅಂಟಿಕೊಂಡು ಬಿರಡೆಯಾಗುತ್ತದೆ. ಗಟ್ಟಿ ಪ್ಲಾಸ್ಟಿಕ್ ತುಂಡುಗಳು ಗಾಜಿನ ಪೂರ್ತಿ ದಪ್ಪವನ್ನು ಹೊರುವಷ್ಟು ಅಗಲವಿರಬೇಕು. ಒಂದೇ ಗಾಜನ್ನು ಹೊತ್ತರೆ ಇನ್ನೊಂದು ಅಂಟಿನ ಬಲದಲ್ಲಿ ತೂಗಾಡುತ್ತದೆ. ತೆರೆಯದ ಕಿಟಕಿಯಾದರೆ ಎರಡು ತುದಿಗಳಿಂದ ಕಾಲುಭಾಗ ಒಳಗೆ ಒಂದೊಂದು ತುಂಡು. ತೆರೆಯುವ ಕದಕ್ಕೆ ಮೇಲೆ ಹೇಳಿದ ಕರ್ಣದ ಕ್ರಮ. ಯಾವ ತುಂಡೂ ನೀರಿನ ತೂತಿಗೆ ಅಡ್ಡವಾಗಬಾರದು.

ಗಾಜಿನ ಎರಡೂ ಬದಿಗೆ ಫೋಮ್ ಟೇಪು, ಅದರ ಮೇಲೆ ಹುಳಿ ವಾಸನೆಯಿಲ್ಲದ, ಟ್ಯೂಬಿನ ಮೇಲೆ ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವ ಸಿಲಿಕೋನಿನ ತೆಳು ಗೆರೆ, ನೀರು ಗಾಜಿನಿಂದ ಆಚೆ ಜಾರುವಂತೆ ಓರೆಯಾಗಿ. ಗಾಜಿನ ಸುತ್ತಲ ಖಾಲಿ ಜಾಗ ಖಾಲಿಯಾಗಿಯೇ ಇರಲಿ. ಅದನ್ನೂ ಸಿಲಿಕೋನಿನಿಂದ ತುಂಬಲು ಕೈ ಹೋಗುತ್ತದೆ, ಹಿಡಿದು ನಿಲ್ಲಿಸಿ. ಬೀಡಿಂಗನ್ನು ಮೊಳೆಯ ಬದಲು ಹಿತ್ತಾಳೆ ಇಲ್ಲವೇ ಸ್ಟೇನ್‌ಲೆಸ್ ಸ್ಕ್ರೂನಿಂದ ಕೂರಿಸಿದರೆ ಮುಂದೊಮ್ಮೆ ಬಿಚ್ಚಲು ಸುಲಭ. ಶಾಖ ತಡೆಯುವ ಲೇಪನದ ಗಾಜಾದರೆ ಅದು ತಿರುಗುಮುರುಗಾಗಿಲ್ಲ ಎಂದೂ ನೋಡಿಕೊಳ್ಳಿ: ಕತ್ತಲಲ್ಲಿ ಹೊರಗಿನಿಂದ ಟಾರ್ಚನ್ನು ಓರೆಯಾಗಿ ಹಿಡಿದರೆ ನಾಲ್ಕು ಪ್ರತಿಬಿಂಬಗಳು ಕಾಣುತ್ತವೆ, ನಮ್ಮ ಸೆಕೆಗೆ ಬಣ್ಣ ಬೇರೆಯಾದ ಬಿಂಬ ಹೊರಗಿನಿಂದ ಎರಡನೆಯದಾಗಿರಬೇಕು.

ಕೊನೆಯ ಬೀಡಿಂಗ್ ಹಾಕುವ ಮುನ್ನ ಒಂದು ಲೋಟ ನೀರನ್ನು ಕೆಳಗಿನ ಮೆಟ್ಟಿಲಿಗೆ ನೀವೇ ಸುರಿಯಿರಿ. ಕೆಲಸದವರು ವಿಚಿತ್ರವಾಗಿ ನೋಡಿಯಾರು. ಮೂರೂ ತೂತುಗಳಿಂದ ನೀರು ಹೊರಗೆ ಬಂದು ಮೆಟ್ಟಿಲು ಖಾಲಿಯಾದ ಮೇಲೆ, ಒರೆಸಿ ಒಣಗಿಸಿ, ಬೀಡಿಂಗ್ ಕೂರಿಸಲು ಹೇಳಿ, ಹಣ ಎಣಿಸಿ.